ವಸಂತ ಮಹಲಿನ ಆಧಾರಸ್ತಂಭಗಳು

ಬಹಳ ಹಿಂದೆ, ಪತ್ರಿಕೆಗಳಲ್ಲಿ ಜಾಹೀರಾತಿನ ನಡುವೆ ಸುದ್ದಿಯೂ ಬರುತ್ತಿದ್ದ ಕಾಲದಲ್ಲಿ, ತಥಾಸ್ತುಪುರವೆಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ಪ್ರಶಸ್ತಿವರ್ಮ ಮಹಾರಾಜರು ತಮ್ಮ ಕುವರಿಯ ಮದುವೆಯನ್ನು ಊರಾಚೆಯ ವಸಂತ ಮಹಲಿನಲ್ಲಿ ನಡೆಸಲು ಸಂಕಲ್ಪಿಸಿದರು. ಮಹಲಿಗೆ ಮುನ್ನೂರು ವರ್ಷ. ಅಲ್ಲಿ ಫೋಟೊ ಚೆನ್ನಾಗಿ ಬರುತ್ತದೆಂದು ತಜ್ಞರ ಸಮಿತಿ ವರದಿ ಕೊಟ್ಟಿತ್ತು.

ತೊಡಕು ಒಂದೇ. ಹಿಂದಿನ ವರ್ಷ ಯಾವುದೋ ಪ್ರಶಸ್ತಿಯ ಆಸೆಗೆ ಮಹಾರಾಜರೇ ಮಹಲನ್ನು ಪಾರಂಪರಿಕ ತಾಣವೆಂದು ಘೋಷಿಸಿದ್ದರು. ಅಲ್ಲಿ ಮೊಳೆ ಹೊಡೆಯುವಂತಿಲ್ಲ, ಗುಣಿ ತೋಡುವಂತಿಲ್ಲ, ಆವರಣದ ಯಾವ ಕಂಬವನ್ನೂ ಕದಲಿಸುವಂತಿಲ್ಲ. ಗುಣಿಯಿಲ್ಲದೆ ಹಾಲುಗಂಬ ನೆಡುವುದು ಹೇಗೆ? ಹಾಲುಗಂಬವಿಲ್ಲದೆ ಚಪ್ಪರವಿಲ್ಲ, ಚಪ್ಪರವಿಲ್ಲದೆ ಮದುವೆಯಿಲ್ಲ.

"ಪ್ರಭು, ಪ್ರಜೆಗಳೇ ನನ್ನ ಆಧಾರಸ್ತಂಭಗಳು ಅಂತ ಪ್ರತಿ ವರ್ಷ ಭಾಷಣದಲ್ಲಿ ತಾವೇ ಅಪ್ಪಣೆ ಕೊಡಿಸ್ತೀರಿ," ಎಂದರು ಮಹಾಮಂತ್ರಿ ಅಸ್ತುಭಟ್ಟರು. "ಸ್ತಂಭಗಳು ಸಿದ್ಧ ಇವೆ. ಕರೆಸಿದ್ರೆ ಸಾಕು."

"ಅಷ್ಟು ದೂರದೃಷ್ಟಿಯಿಂದ ಮಾತಾಡಿದ್ದೆವೇ ನಾವು!" ಮಹಾರಾಜರ ಕಣ್ಣು ತುಂಬಿತು.

ಇನ್ನೂರು ಪ್ರಜೆಗಳು ತೋಳೆತ್ತಿ ನಿಂತು ಚಪ್ಪರ ಹೊರುವುದೆಂದಾಯಿತು. ಯೋಜನೆಗೆ 'ಜನಸಹಭಾಗಿತ್ವ' ಎಂದು ಹೆಸರಿಟ್ಟರು. ಹಾಲುಗಂಬಕ್ಕೆ ಹಾಲಿರುವ ಮರವೇ ಆಗಬೇಕಲ್ಲ, ಅದಕ್ಕೆ ಮಹಲಿನ ಮಾಲಿ ಸಣ್ಣೀರನನ್ನು ಆರಿಸಿದರು. ಅವನ ಮನೆಯಲ್ಲಿ ಎರಡು ಹಸುಗಳಿದ್ದವು.

"ಬುದ್ಧೀ, ಅವತ್ತೇ ಗೋಧೂಳಿಗೆ ನನ್ ಮಗಳು ಹೊನ್ನೀದೂ ಲಗ್ನ ಐತೆ," ಎಂದು ಸಣ್ಣೀರ ಕೈಮುಗಿದ. "ಅವ್ವ ಇಲ್ಲದ ಕೂಸು. ಧಾರೆ ಎರೆಯಾಕೆ ನಾನೊಬ್ನೇ."

"ಮುಹೂರ್ತ ಬೆಳಗ್ಗೇನೇ ಕಣಯ್ಯ. ಮುಗಿದ ತಕ್ಷಣ ಬಿಡ್ತೀವಿ," ಎಂದರು ಮಂತ್ರಿಗಳು.

ರಾಜಮದುವೆ ವೈಭವದಿಂದ ಮುಗಿಯಿತು. ಸಣ್ಣೀರ ಕೈ ಇಳಿಸಲು ಹೋದ. ಪರಂಪರಾ ರಕ್ಷಣಾಧಿಕಾರಿ ಹೌಹಾರಿ ಓಡಿ ಬಂದರು.

"ಅಲ್ಲಾಡಬೇಡ! ಆವರಣದ ಕಂಬ ಕದಲಿಸುವಂತಿಲ್ಲ."

"ನಾನ್ ಕಂಬ ಅಲ್ಲ ಸ್ವಾಮಿ, ಮಾಲಿ!"

"ಮಹಲಿನ ಪಾರಂಪರಿಕ ಪಟ್ಟಿಯಲ್ಲಿ ನೀನು ಕಂಬ ಅಂತಿದೆಯಲ್ಲಪ್ಪ. ಒಂದನೇ ನಂಬರು."

ಪಟ್ಟಿಯಲ್ಲಿದ್ದ ಮೇಲೆ ದೇವರೂ ಏನು ಮಾಡಿಯಾನು? ಸಣ್ಣೀರ ಬಾಗಿಲ ಕಡೆ ನೋಡುತ್ತ ನಿಂತ. ಹೊತ್ತು ಇಳಿಯುತ್ತಿತ್ತು.

ಗೋಧೂಳಿಗೆ ಸರಿಯಾಗಿ ಓಲಗ ಕೇಳಿಸಿತು. ಬಾಸಿಂಗ ಕಟ್ಟಿಕೊಂಡ ಹೊನ್ನಿ, ಗಂಡನ್ನೂ ನೆಂಟರನ್ನೂ ಹಿಂದೆ ಹಾಕಿಕೊಂಡು ಮಹಲಿಗೇ ನಡೆದು ಬಂದಳು. "ಅಪ್ಪ ಬರಾಕಾಗಲ್ಲ ಅಂದ್ರೆ ಮದುವೇನೇ ಬತ್ತದೆ, ತಗೊಳಿ," ಎಂದಳು ಅಧಿಕಾರಿಗೆ. ಬರುವ ಮದುವೆಯನ್ನು ತಡೆಯಲು ಶಾಸನದಲ್ಲಿ ಕಲಮು ಇರಲಿಲ್ಲ. ಸಣ್ಣೀರ ಒಂದು ಕೈಯಲ್ಲಿ ರಾಜಚಪ್ಪರ ಹಿಡಿದು, ಇನ್ನೊಂದು ಕೈಯಲ್ಲಿ ಧಾರೆ ಎರೆದ. ಕಂಬಗಳೆಲ್ಲ ಅತ್ತವು. ಎರಡು ಮದುವೆಗಳಲ್ಲಿ ನನಗಂತೂ ಇದೇ ಚೆನ್ನಾಗಿತ್ತು.

ಮಹಾರಾಜರಿಗೆ 'ಜೀವಂತ ಪರಂಪರೆಯ ಪೋಷಕ' ಎಂಬ ಪ್ರಶಸ್ತಿ ಬಂತು. ಸ್ವೀಕಾರ ಸಮಾರಂಭವೂ ಅದೇ ಚಪ್ಪರದಲ್ಲೇ ನಡೆಯಿತು.

ಮರುವರ್ಷ ಹೊನ್ನಿ ಗಂಡುಕೂಸನ್ನೆತ್ತಿಕೊಂಡು ಅಪ್ಪನಿಗೆ ತೋರಿಸಲು ಬಂದಳು. ಸಣ್ಣೀರ ಬಿಡುವಿದ್ದ ಕೈಯಿಂದ ಮೊಮ್ಮಗನ ತಲೆ ಸವರಿದ. ಅಧಿಕಾರಿಯೂ ಅಕ್ಕರೆಯಿಂದ ಮಗುವಿನ ಗಲ್ಲ ಹಿಂಡಿ, ಜೇಬಿನಿಂದ ಟೇಪು ತೆಗೆದು, ತಲೆಯಿಂದ ಕಾಲಿನವರೆಗೆ ಅಳೆದರು.

"ಪರವಾಗಿಲ್ಲ, ಬೆಳೀಲಿ," ಎಂದು ಪಟ್ಟಿಯಲ್ಲಿ ಬರೆದುಕೊಂಡರು.