ಮೂರು ಸೊನ್ನೆ ಕಳುವಾದ ಕತೆ

ಒಸಿ ಹತ್ರ ಬನ್ನಿ. ಕದ ಮುಂದಕ್ಕೆ ಮಾಡ್ಬುಡಿ. ನಾನು ಹೇಳಿದೆ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡಿ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಇಂಥದ್ದು ದಿನಾ ಒಂದು. ನಾನು ಸುಮ್ಮನಿದ್ದರೂ ಅವೇ ಬಂದು ನನ್ನ ಜಗುಲಿ ಮೇಲೆ ಕೂರುತ್ತವೆ.

೧. ಲಕ್ಷ ಇಲ್ಲದ ಜನ

ಗೊಂಬೆ ಕಾರ್ಖಾನೆ ನಡೆಸೋ ಭಾಯ್‌ಗೆ ಪರದೇಶದ ಆರ್ಡರ್ ಬಂತು. ಮಕ್ಕಳಿಗೆ ಎಣಿಕೆ ಕಲಿಸೋ ಆಟಿಕೆ. ಹಲಗೆ ಮೇಲೆ ಪೋರ್ಚುಗೀಸ್ ಭಾಷೆಯಲ್ಲಿ ಒಂದು ದೊಡ್ಡ ಸಂಖ್ಯೆಯ ಹೆಸರು. ಅದಕ್ಕೆ ಎಷ್ಟು ಸೊನ್ನೆಯೋ ಅಷ್ಟು ಕೆಂಪು ಮಣಿ ಪೋಣಿಸಿ ಕಟ್ಟಬೇಕು. ಪೋಣಿಸೋದು ನಾನು ಮತ್ತು ಎದುರುಮನೆಯಾಕೆ.

"ಆ ಭಾಷೇಲಿ ಲಕ್ಷ, ಕೋಟಿ ಅನ್ನೋದೇ ಇಲ್ಲ ಅಜ್ಜಿ. ಲಕ್ಷಕ್ಕೆ ನೂರು ಸಾವಿರ ಅಂತಾರೆ. ಹತ್ತು ಲಕ್ಷಕ್ಕೆ ಮಿಲ್ಯಾಂವ್, ಅದರಾಚೆ ಬಿಲ್ಯಾಂವ್" ಅಂದ ಭಾಯ್.

"ಅಯ್ಯೋ ಪಾಪ! ಹಂಗಾದ್ರೆ ಲಕ್ಷದೀಪೋತ್ಸವ ಹೆಂಗಪ್ಪಾ ಮಾಡ್ತಾರೆ?" ಅಂದೆ.

೨. ಮೂರು ಮಣಿ

ಕಾರ್ಖಾನೆ ಮೇಸ್ತ್ರಿ ಹೇಳಿದ ಹಾಗೆ ನನ್ನ ಬಿಲ್ಯಾಂವ್ ಹಲಗೆಗೆ ಹನ್ನೆರಡು ಮಣಿ. ಕರಿಬೇವು ಕೇಳೋ ನೆಪದಲ್ಲಿ ಎದುರುಮನೆಗೆ ಹೋದೆ. ಆಕೆಯ ಬಿಲ್ಯಾಂವ್ ಹಲಗೆಯ ಸರ ಎಣಿಸಿದೆ. ಒಂಬತ್ತೇ!

"ಹಲಗೆಗೆ ಮೂರು ಮಣಿ ಮಡಿಲಿಗೆ ಹಾಕ್ಕೋತಾಳೆ ಕಣವ್ವಾ" ಅಂತ ಹಾಲಿನವಳ ಕಿವಿಗೆ ಮಾತ್ರ ಹಾಕಿದೆ. ಅವಳು ಹೂವಿನವಳಿಗೆ ಹೇಳುವಾಗ ಮೂರು ಸೇರು. ಸುದ್ದಿ ಹೊಂಗನೂರು ಬಸ್ಸು ಹತ್ತುವಾಗ ಮೂರು ಮೂಟೆ. ಈ ಜನಕ್ಕೆ ಸರಿಯಾಗಿ ಎಣಿಸೋಕೂ ಬರಲ್ಲ!

೩. ಭಾಯ್ ಪಂಚಾಯ್ತಿ

ಮಾರನೇ ದಿನವೇ ಸುದ್ದಿ ಕಿವಿಗೆ ಬಿದ್ದ ಮೇಸ್ತ್ರಿ ಎದುರುಮನೆಯಾಕೆಯ ಮಣಿಚೀಲ ಕಿತ್ತುಕೊಂಡು ಕೆಲಸ ನಿಲ್ಲಿಸಿದ. ಗಂಡ ಮಂಡಿನೋವಿನಲ್ಲಿ ಕೂತಿದ್ದಾನೆ, ಮನೆ ನಡೀತಿದ್ದದ್ದೇ ಆ ಚೀಲದಿಂದ. ನನಗೂ ಒಸಿ ಪಾಪ ಅನ್ನಿಸ್ತು. ಆದ್ರೆ ಸಾಕ್ಷಿ ಅಂದ್ರೆ ಸಾಕ್ಷಿ. ನನ್ನದೊಂದು ಸರ, ಮೇಸ್ತ್ರಿ ಕಿತ್ತುಕೊಂಡಿದ್ದ ಆಕೆಯದೊಂದು ಸರ ಹಿಡಿದು ಭಾಯ್ ಮುಂದೆ ನಿಂತೆ. ಆಕೆಯೂ ಬಂದಳು, ಕಣ್ಣು ಕೆಂಪಗೆ.

ಭಾಯ್ ಆರ್ಡರ್ ಕಾಗದ ನೋಡಿ ಹಣೆ ಚಚ್ಚಿಕೊಂಡ. "ಅಜ್ಜಿ, ನಿಮ್ಮ ಮಾಲು ಪೋರ್ಚುಗಲ್‌ಗೆ. ಅಲ್ಲಿ ಬಿಲ್ಯಾಂವ್‌ಗೆ ಹನ್ನೆರಡು ಸೊನ್ನೆ. ಅಕ್ಕನ ಮಾಲು ಬ್ರೆಜಿಲ್‌ಗೆ. ಭಾಷೆ ಅದೇ, ಆದ್ರೆ ಅಲ್ಲಿ ಒಂಬತ್ತೇ. ಅಕ್ಕನಿಗೆ ಆ ಲೆಕ್ಕ ಹೇಳಿದ್ದು ನಾನೇ. ಮೇಸ್ತ್ರೀ, ಚೀಲ ವಾಪಸ್ ಕೊಡಯ್ಯಾ!"

ನಾನು ಸೋಲ್ತೀನಾ? "ಹಂಗಾದ್ರೆ ಆ ಬ್ರೆಜಿಲ್‌ನೋರೇ ಕದ್ದಿರ್ಬೇಕು ಮೂರು!" ಅಂದೆ.

ಕಾರ್ಖಾನೆಗೆ ಕಾರ್ಖಾನೆಯೇ ನಕ್ಕಿತು. ಆಕೆ ಮಾತ್ರ ನಗಲಿಲ್ಲ. ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಎಲ್ಲರೆದುರು ನನ್ನ ಮುಖಕ್ಕೇ ಅಂದಳು:

"ಒಬ್ರು ಒಂಬತ್ತಕ್ಕೆ ನಿಲ್ಸ್ತಾರೆ, ಇನ್ನೊಬ್ರು ಹನ್ನೆರಡಕ್ಕೆ ನಿಲ್ಸ್ತಾರೆ. ನಿಮ್ ನಾಲಿಗೆ ಸೊನ್ನೆ ಸೇರ್ಸೋಕೆ ಕುಂತ್ರೆ ಈ ಊರಿನ ಮಣಿಯೆಲ್ಲಾ ತಂದ್ರೂ ಸಾಲಲ್ಲ ಕಣಜ್ಜಿ!"