ಹ್ಯಾಂಗ್ ಆಗದೆ ಕೈಕೊಟ್ಟ ಲ್ಯಾಪ್‌ಟಾಪಿಗೆ

ಮಾನ್ಯ ಲ್ಯಾಪ್‌ಟಾಪ್‌ರವರ ಸನ್ನಿಧಾನಕ್ಕೆ,

ಮಸ್ಕಿಯಲ್ಲಿ ಮದುವೆ ವಿಡಿಯೊ ಅಂಗಡಿ ಇಟ್ಟುಕೊಂಡಿರುವ ಕನಕರಾಯನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಫ್ಯಾನು, ಚಾರ್ಜರು ಹಾಗೂ ರಬ್ಬರ್ ಬ್ಯಾಂಡ್ ಸುತ್ತಿ ನಿಲ್ಲಿಸಿರುವ ಪರದೆ ಎಲ್ಲರೂ ಕುಶಲವೆಂದು ನಂಬಿದ್ದೇನೆ. ಎದುರಿಗೇ ಕೂತವರಿಗೆ ಪತ್ರವೇಕೆ ಎಂದು ತಾವು ಕೇಳಬಹುದು. ಬಾಯಿಂದ ಹೇಳಹೋದರೆ ನನ್ನ ನಾಲಿಗೆ ಹಿಡಿತದಲ್ಲಿರುವುದಿಲ್ಲ. ಮೇಲಾಗಿ ನಾನು ಒಬ್ಬನೇ ಜಗಳವಾಡುವುದನ್ನು ಕಂಡ ಪಕ್ಕದ ಹೋಟೆಲಿನವರು, ಏನೋ ಕಾಯಿಲೆಯಿರಬೇಕೆಂದು ನನ್ನ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಬಿಟ್ಟಿದ್ದಾರೆ.

ಮಹನೀಯರೇ, ತಮ್ಮ ಹಿಂದಿನ ಸೇವೆಯನ್ನು ನಾನು ಮರೆತಿಲ್ಲ. ಹ್ಯಾಂಗ್ ಆಗುವ ಕರ್ತವ್ಯವನ್ನು ತಾವು ಒಂದು ದಿನವೂ ತಪ್ಪಿಸಿದವರಲ್ಲ. ತಾಳಿ ಕಟ್ಟುವಾಗ ನಿಂತಿದ್ದೀರಿ, ಬೀಗರು ತುತ್ತಿಗೆ ಬಾಯಿ ತೆರೆದಾಗ ನಿಂತಿದ್ದೀರಿ, ಬಳಗಾನೂರಿನ ವರನೊಬ್ಬನನ್ನು ಅಕ್ಷತೆ ಬೀಳುವ ಮುಂಚೆಯೇ ತಡೆದು ನನ್ನ ಊಟ ಮುಗಿಯುವವರೆಗೂ ಬ್ರಹ್ಮಚಾರಿಯಾಗಿ ಉಳಿಸಿದ್ದೀರಿ. ಆಗೆಲ್ಲ ನಾನು ತಮ್ಮನ್ನು ಬಾಯಿಗೆ ಬಂದಂತೆ ಬೈದದ್ದುಂಟು. ಆ ಬೈಗುಳಗಳನ್ನು ಈ ಮೂಲಕ ಹಿಂಪಡೆಯುತ್ತಿದ್ದೇನೆ, ಏಕೆಂದರೆ ಅವುಗಳ ಅಗತ್ಯ ಈಗ ಬೇರೆ ಕಾರಣಕ್ಕೆ ಬಿದ್ದಿದೆ.

ತುರ್ವಿಹಾಳದ ಯಂಕೋಬ ಅವರ ಹಿರಿಯ ಮಗಳು ಮಮತಾಳ ಮದುವೆ ಸಿಂಧನೂರಿನಲ್ಲಿ ನಡೆದದ್ದು, ವಿಡಿಯೊ ತೆಗೆದವನು ನಾನು ಎಂಬುದು ತಮಗೆ ಗೊತ್ತೇ ಇದೆ. ಅವರ ಕಿರಿಯ ಮಗಳು ಸುರೇಖಾ ಸಿಂಧನೂರಿನ ರೈಸ್ ಮಿಲ್ಲೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾರೆ. ಅವರನ್ನೇ ಮದುವೆಯಾಗಬೇಕೆಂದು ನಾನು ವರ್ಷದ ಹಿಂದೆಯೇ ತೀರ್ಮಾನಿಸಿದ್ದೆ; ಅವರಿಗೆ ತಿಳಿಸುವುದೊಂದು ಬಾಕಿ ಇತ್ತು. ನಮ್ಮ ಸೋದರಮಾವ ಧೈರ್ಯ ಮಾಡಿ ಯಂಕೋಬ ಅವರ ಹತ್ತಿರ ವಿಷಯ ತೆಗೆದಾಗ ಅವರು ಹೇಳಿದ್ದಿಷ್ಟು: “ಮೊದ್ಲು ಮಮತಾನ ವಿಡಿಯೊ ತರಾಕ ಹೇಳ್ರಿ. ಆಯೇರಿ ಮಾಡಿದವ್ರದು ಒಬ್ಬರ ಮಾರಿನೂ ತಪ್ಪಬಾರ್ದು, ಮತ್ತ ಲಗೂನ ಆಗ್ಬೇಕು. ಹುಡುಗನ ಕೆಲಸ ನೋಡಿ ಆಮ್ಯಾಲೆ ಮುಂದಿನ ಮಾತು.” ಮದುವೆಯಲ್ಲಿ ಸೀರೆ, ಪಂಚೆ ಉಡುಗೊರೆ ಕೊಟ್ಟವರ ಮುಖ ವಿಡಿಯೊದಲ್ಲಿ ಕಾಣದಿದ್ದರೆ ನಮ್ಮ ಕಡೆ ಆ ನೆಂಟಸ್ತನ ಅಲ್ಲಿಗೇ ಮುಗಿಯಿತು. ಎಲ್ಲವೂ ಬೇಕು, ಬೇಗವೂ ಬೇಕು, ನಡುವೆ ನನ್ನ ಬಾಳು.

ಅದಕ್ಕಾಗಿಯೇ ತಮ್ಮನ್ನು ಎದೆಗವಚಿಕೊಂಡು ಲಿಂಗಸುಗೂರಿನ ಬಸ್ ಹತ್ತಿದೆ. ಅಲ್ಲಿ ರಿಪೇರಿ ಅಂಗಡಿಯ ದಾನಿಷ್ ತಮ್ಮ ಹೊಟ್ಟೆ ಬಿಚ್ಚಿ ನೋಡಿ, ಇರುವುದು ಒಂದೇ ಖಾನೆ, ಅದಕ್ಕೆ ನಿಧಾನವಾದ ಹದಿನಾರು ಜಿಬಿಯ ರ‍್ಯಾಮ್ ಹಾಕಬಹುದು ಇಲ್ಲವೇ ವೇಗವಾದ ಎಂಟು ಜಿಬಿಯದು ಎಂದರು. ನಾನು ಕಣ್ಣು ಕಣ್ಣು ಬಿಟ್ಟಾಗ, “ಭಾಯ್, ಕಾಲುವಿ ಅಗಲ ಬೇಕೋ, ನೀರು ಜೋರು ಹರೀಬೇಕೋ, ಒಂದು ಹೇಳ್ರಿ. ಎರಡೂ ಇದ್ದದ್ದು ಈ ಮಷೀನಿಗೆ ಹಿಡ್ಸಂಗಿಲ್ಲ” ಎಂದು ಬಿಡಿಸಿ ಹೇಳಿದರು. ಅಷ್ಟು ಸಾಕಾಯಿತು. ಮೊಬೈಲ್ ಗಾಜು ಹಾಕಿಸಲು ಬಂದಿದ್ದ ಮುಕ್ಕುಂದದವರೊಬ್ಬರು ಜೋರಿನ ಪಕ್ಷ ಹಿಡಿದರು, ಇಯರ್‌ಫೋನ್ ಕೊಳ್ಳಲು ಬಂದವರು ಅಗಲದ ಪಕ್ಷ ಹಿಡಿದರು, ಚರ್ಚೆ ತಮ್ಮನ್ನು ಬಿಟ್ಟು ಹೊಲದ ಕಾಲುವೆಗೆ ನೀರು ಬಿಡುವ ಸರದಿಯ ಮೇಲೆ ಹೋಗಿ ಇಬ್ಬರೂ ತೋಳೇರಿಸುವ ಹೊತ್ತಿಗೆ ನಾನು ಅಗಲವನ್ನೇ, ಅಂದರೆ ಹದಿನಾರು ಜಿಬಿಯದನ್ನೇ, ಆರಿಸಿಬಿಟ್ಟೆ.

ಎಂಥ ಅಗಲ, ಮಹನೀಯರೇ! ಮೊದಲು ಒಂದು ಮದುವೆಯನ್ನು ತುಂಡು ತುಂಡು ಮಾಡಿ ತಮಗೆ ಉಣಿಸಬೇಕಿತ್ತು. ಪ್ರತಿ ತುಂಡನ್ನೂ ನೋಡಿ, ಬೇಡದ್ದನ್ನು ಕತ್ತರಿಸುತ್ತಿದ್ದೆ. ಈಗ ತಾವು ಇಡೀ ಮದುವೆಯನ್ನು ಒಂದೇ ತುತ್ತಿಗೆ ನುಂಗಿ, ಆಮೆಯ ನಡಿಗೆಯಲ್ಲಾದರೂ ನಿಲ್ಲದೆ ಕೆಲಸ ಮುಗಿಸಿಕೊಟ್ಟಿರಿ. ಆ ಸಂತೋಷದಲ್ಲಿ ನಾನು ಒಮ್ಮೆಯೂ ನೋಡದೆ ತಮ್ಮನ್ನು ತುರ್ವಿಹಾಳಕ್ಕೆ ಹೊತ್ತೊಯ್ದೆ.

ಪಡಸಾಲೆಯಲ್ಲಿ ಮನೆಮಂದಿಯೆಲ್ಲ ಕೂತಿದ್ದರು. ಅಗಲಕ್ಕೂ ಜೋರಿಗೂ ಇರುವ ವ್ಯತ್ಯಾಸವನ್ನು ವಿವರಿಸಿ, ಹೆಮ್ಮೆಯಿಂದ ತಮ್ಮನ್ನು ಟಿವಿಗೆ ಜೋಡಿಸಿದೆ. ಆಯೇರಿಯ ಮುಖಗಳೆಲ್ಲ ಸರಿಯಾಗಿ ಬಂದವು, ಯಂಕೋಬ ಅವರು ತಲೆದೂಗಿದರು. ಆಮೇಲೆ ಊಟದ ಸಾಲು ಬಂತು, ಅಲ್ಲಿ ಕಂಬಕ್ಕೆ ಒರಗಿ ನಿಂತ ಸುರೇಖಾ ಬಂದರು, ಬಂದವರು ಹೋಗಲೇ ಇಲ್ಲ. ಕ್ಯಾಮೆರಾ ಅವರ ಮೇಲೆ ನೆಟ್ಟಿತ್ತು. ಕತ್ತರಿಸಬೇಕಾದ ತುಂಡು ಅದು! ನನ್ನ ಮೈಯೆಲ್ಲ ಬೆವರಿತು. “ಹ್ಯಾಂಗ್ ಆಗೈತ್ರಿ” ಎಂದೆ. ಆದರೆ ಕನ್ನಡಕ ಸರಿಮಾಡಿಕೊಂಡ ಸುರೇಖಾ ಅವರ ಅಜ್ಜಿ ಗದ್ದೆಮ್ಮ, “ಎಲ್ಲಿ ನಿಂತೈತೋ ತಮ್ಮಾ? ಆಕಿ ಹಿಂದ ಫ್ಯಾನ್ ತಿರಗಾಕತ್ತೈತಿ. ಆ ಮುದುಕ ಎರಡು ಹೋಳಿಗಿ ತಿಂದು ಮೂರನೇದಕ್ಕ ಕೈ ಹಾಕ್ಯಾನ” ಎಂದುಬಿಟ್ಟರು.

ಜೀವಮಾನವಿಡೀ ಹ್ಯಾಂಗ್ ಆದವರಿಗೆ ಆ ಒಂದು ಗಳಿಗೆ ಹ್ಯಾಂಗ್ ಆಗಲು ಏನು ಧಾಡಿಯಾಗಿತ್ತು?

ಇಷ್ಟಕ್ಕೇ ಬಿಟ್ಟಿದ್ದರೆ ಕ್ಷಮಿಸುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುರೇಖಾ ನಗು ತಡೆದುಕೊಂಡು, “ಸ್ವಲ್ಪ ಹಿಂದಕ್ಕ ಹಾಕ್ರಿ, ಇನ್ನೊಮ್ಮೆ ನೋಡೂಣು” ಎಂದರು. ನನ್ನ ಬದುಕಿನ ಅತ್ಯಂತ ಸುಂದರ ಮಾತು ಅದು. ನಾನು ಗುಂಡಿ ಒತ್ತಿದೆ. ಆಗ ಹ್ಯಾಂಗ್ ಆದಿರಿ, ಪುಣ್ಯಾತ್ಮರೇ, ಆಗ! ಅದೂ ಆ ಮುದುಕ ಹೋಳಿಗೆಗೆ ಬಾಯಿ ತೆರೆದ ಭಂಗಿಯಲ್ಲಿ. ಯಂಕೋಬ ಅವರು ಎದ್ದು ಟವಲ್ ಕೊಡವಿ, ಗುರುವಾರ ಹಿರಿಯರನ್ನು ಕರೆದುಕೊಂಡು ಬನ್ನಿ ಎಂದಷ್ಟೇ ಹೇಳಿ ಹೊರಗೆ ಹೋದರು. ಬೈಯುವುದಕ್ಕೋ ಬೀಗತನಕ್ಕೋ ಎಂದು ಹೇಳಲಿಲ್ಲ.

ಆದ್ದರಿಂದ ತಮ್ಮಲ್ಲಿ ಕಳಕಳಿಯ ವಿನಂತಿ: ಇನ್ನು ಮುಂದೆ ಹೆಣ್ಣಿನ ತಂದೆಯ ಹುಬ್ಬು ಮೇಲೇರಿದ ಕೂಡಲೇ ತಾವಾಗಿಯೇ ಹ್ಯಾಂಗ್ ಆಗಬೇಕು, ಹಾಗೆ ಆಗುವಾಗ ಚಿತ್ರದೊಳಗಿನ ಫ್ಯಾನನ್ನೂ ನಿಲ್ಲಿಸಬೇಕು, ಹಾಗೂ ಈಗಾಗಲೇ ತಿಂದಾಗಿರುವ ಎರಡು ಹೋಳಿಗೆಗಳನ್ನು ಸದರಿ ಮುದುಕರಿಂದ ಹೇಗಾದರೂ ವಾಪಸ್ ಪಡೆಯಬೇಕು. ಗುರುವಾರದೊಳಗೆ ಇವಿಷ್ಟನ್ನು ನೆರವೇರಿಸಿಕೊಟ್ಟರೆ ತಮ್ಮ ಪರದೆಗೆ ಹೊಸ ರಬ್ಬರ್ ಬ್ಯಾಂಡ್ ತೊಡಿಸಿ ಸನ್ಮಾನಿಸಲಾಗುವುದು.

ಬೆವರು ಇನ್ನೂ ಆರದ,
ತಮ್ಮ ವಿಶ್ವಾಸಿ,
ಕನಕರಾಯ

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ ಸುರೇಖಾ ಅವರಿಂದ ಮೊದಲ ಮೆಸೇಜು ಬಂತು. “ಅಗಲ ಆರಿಸಿ ತಪ್ಪು ಮಾಡೀರಿ. ವರ್ಷದಿಂದ ಎಲ್ಲಾರ ಮದುವ್ಯಾಗೂ ನಿಮ್ಮ ಕ್ಯಾಮೆರಾ ನನ್ನ ಕಡೆ ತಿರಗೂದು ನೋಡಾಕತ್ತೀನಿ, ಬಾಯಿಂದ ಒಂದು ಮಾತು ಬಂದಿಲ್ಲ. ಜೋರು ಬೇಕಾಗಿದ್ದು ಲ್ಯಾಪ್‌ಟಾಪಿಗಲ್ಲ. ಅಪ್ಪ ಒಪ್ಪ್ಯಾನ, ಗುರುವಾರ ಲಗೂ ಬರ್ರಿ.” ನಮ್ಮ ಮದುವೆಯ ವಿಡಿಯೊವನ್ನು ಲಿಂಗಸುಗೂರಿನ ಬೇರೆ ವಿಡಿಯೊದವರಿಗೆ ಒಪ್ಪಿಸಬೇಕೆಂಬುದು ಅವರ ಏಕೈಕ ಷರತ್ತು. ತಾವು ಅಂದು ಚೀಲದೊಳಗೇ ಇದ್ದು ಆಶೀರ್ವದಿಸಬೇಕು. ಹ್ಯಾಂಗ್ ಆಗುವುದಿದ್ದರೆ ಅಲ್ಲೇ ಆಗತಕ್ಕದ್ದು.