ಸತ್ತಿಲ್ಲ, ನೀವು ಉಣ್ರಿ ಅತ್ತಿ

ಅವತ್ತು ಸಂಜೆ ಕೊಟ್ಟೂರಿನ ನಮ್ಮ ಅಡುಗೆಮನೆಯಲ್ಲಿ ಇದ್ದವರು ಮೂವರು: ನಾನು, ನಮ್ಮ ಅತ್ತೆ ಗುರುಶಾಂತಮ್ಮ, ಮತ್ತು ಪ್ರಾಣ ಬಿಡುತ್ತಿದ್ದ ಸರೋಜಿನಿ. ಸರೋಜಿನಿ ನಮ್ಮ ಪೈಕಿಯವಳಲ್ಲ, ಕಾದಂಬರಿಯವಳು. ಆದರೆ ನಮ್ಮ ಅತ್ತೆಗೆ ಆ ವ್ಯತ್ಯಾಸ ಅಷ್ಟೇನೂ ಮುಖ್ಯವಲ್ಲ. ಕಣ್ಣಿಗೆ ಪೊರೆ ಬಂದು ಅಕ್ಷರಗಳೆಲ್ಲ ಇರುವೆ ಸಾಲಿನಂತೆ ಕಾಣತೊಡಗಿದ ಮೇಲೆ, ನಾನು ಓದಿದ ಕಾದಂಬರಿಯನ್ನು ಊಟದ ಹೊತ್ತಿಗೆ ಅವರಿಗೆ ಬಾಯಲ್ಲಿ ಹೇಳುವುದು ನಮ್ಮಿಬ್ಬರ ರೂಢಿಯಾಗಿತ್ತು. ನಾನು ಊರಿನ ಒಂದು ಪುಟ್ಟ ಗ್ರಂಥಾಲಯದಲ್ಲಿ ಸಹಾಯಕಿ, ಹಾಗಾಗಿ ಪುಸ್ತಕಕ್ಕೆ ಕೊರತೆಯಿಲ್ಲ. ಕೊನೆಯ ಪುಟದಲ್ಲಿ ಸರೋಜಿನಿ ಜ್ವರ ಏರಿ ಗಂಡನ ತೊಡೆಯ ಮೇಲೆ ಕಣ್ಣು ಮುಚ್ಚುತ್ತಾಳೆ. ಲೇಖಕರು ಬರೆದಂತೆಯೇ ಹೇಳಿದೆ. ದನಿ ಸ್ವಲ್ಪ ನಡುಗಿಸಿ, ಚೆನ್ನಾಗಿಯೇ ಹೇಳಿದೆ. ಮಣ್ಣು ಮಾಡುವ ಕೊನೆಯ ಸಾಲಿಗೆ ಬರುವ ಮೊದಲೇ, ರೊಟ್ಟಿ ಮುರಿಯುತ್ತಿದ್ದ ಅತ್ತೆ ಕೈ ತಡೆದು ತಟ್ಟೆಯನ್ನು ಆಚೆ ಸರಿಸಿದರು.

"ಒಂದು ಜೀವ ಹೋಗಿ ಇನ್ನಾ ಮೈ ಬಿಸಿ ಆರಿಲ್ಲ, ನಾನು ಬದ್ನಿಕಾಯಿ ಪಲ್ಯ ತಿನ್ನಲಾ? ಎತ್ತು ತಟ್ಟಿ."

ಎತ್ತುವಂತಿರಲಿಲ್ಲ. ಅವರು ಶುಗರಿನ ಗುಳಿಗೆ ನುಂಗಿ ಆಗಲೇ ಇಪ್ಪತ್ತು ನಿಮಿಷವಾಗಿತ್ತು. ಗುಳಿಗೆ ನುಂಗಿ ಉಣ್ಣದಿದ್ದರೆ ಅವರಿಗೆ ಬೆವರು ಬಿಟ್ಟು ಕೈಕಾಲು ನಡುಗುತ್ತದೆ. ಹಿಂದೊಮ್ಮೆ ಹಾಗಾಗಿ ಹರಪನಹಳ್ಳಿಯ ಆಸ್ಪತ್ರೆಗೆ ಓಡಿಸಿಕೊಂಡು ಹೋಗಿದ್ದೆವು. ಒಂದು ಕಡೆ ಸಾಹಿತ್ಯ, ಇನ್ನೊಂದು ಕಡೆ ಸಕ್ಕರೆ ಕಾಯಿಲೆ. ನಾನು ಕಾಯಿಲೆಯ ಪಕ್ಷ ಹಿಡಿದೆ.

"ಅಯ್ಯ, ಸತ್ತಾಳ ಅಂತ ಯಾರಂದ್ರು ಅತ್ತಿ? ಗಂಡಗ ಹಂಗ ಕಂಡೈತಿ ಅಷ್ಟ. ಮೂರ್ಛಿ ಬಂದೈತಿ. ಸತ್ತಿಲ್ಲ, ನೀವು ಉಣ್ರಿ."

"ಮತ್ತ ಕಣ್ಣು ಬಿಡ್ತಾಳೇನು?"

"ಮುಂದಿನ ಪುಟದಾಗ ಬಿಡ್ತಾಳ."

"ಅದನ್ನ ಮೊದ್ಲ ಹೇಳಾಕ ಏನಾಗಿತ್ತು ನಿನಗ? ಸುಮ್ನ ಜೀವ ಹಾರಿಸಿಬಿಟ್ಟಿ" ಎನ್ನುತ್ತ ತಟ್ಟೆಯನ್ನು ಎಳೆದುಕೊಂಡರು.

ಮುಂದಿನ ಪುಟದಲ್ಲಿ ಇದ್ದದ್ದು ಬೇರೆ ಪುಸ್ತಕಗಳ ಜಾಹೀರಾತು. ಆದರೆ ಒಂದೇ ರೊಟ್ಟಿಗೆ ಊಟ ಮುಗಿಯುವುದಿಲ್ಲವಲ್ಲ. ಎರಡನೆಯ ರೊಟ್ಟಿ ಇಳಿಯಲೆಂದು ಸರೋಜಿನಿಗೆ ಗುಣವಾಯಿತು. ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಅವಳಿಗೆ ಅವಳಿ ಮಕ್ಕಳಾದವು.

ಇದರಲ್ಲಿ ನನ್ನೊಬ್ಬಳ ತಪ್ಪಿಲ್ಲ. ನಾನು ಮಾತು ಕಲಿತದ್ದು ಹಡಗಲಿಯ ನಮ್ಮಜ್ಜಿಯ ಮಗ್ಗುಲಲ್ಲಿ ಕೂತು. ಬಿತ್ತನೆಯ ಶೇಂಗಾ ಸುಲಿಯುವ ದಿನಗಳಲ್ಲಿ ಅಜ್ಜಿ ನಮ್ಮ ಮುಂದೆ ಕಾಯಿ ರಾಶಿ ಹಾಕಿ ಕಥೆ ಶುರು ಮಾಡುತ್ತಿದ್ದಳು. ಕಥೆ ಮುಗಿಯಲು ಬಂದಾಗಲೂ ರಾಶಿ ಉಳಿದಿದ್ದರೆ ರಾಜಕುಮಾರನಿಗೆ ಇನ್ನೊಂದು ಮದುವೆ. ರಾಶಿ ಬೇಗ ಕರಗಿದರೆ ರಾಕ್ಷಸ ಯುದ್ಧಕ್ಕೆ ಬರದೆ ಮನೆಯಲ್ಲೇ ಹೊಟ್ಟೆನೋವಿನಿಂದ ಸಾಯುತ್ತಿದ್ದ. ಕಥೆಯೆಂದರೆ ಕೈಯ ಕೆಲಸಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ವಸ್ತು ಎಂದೇ ನಾನು ತಿಳಿದು ಬೆಳೆದವಳು. ಅದನ್ನು ಅಚ್ಚು ಹಾಕಿ ಗಟ್ಟಿ ಮಾಡಿಬಿಡುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು.

ಸರೋಜಿನಿಯ ನಂತರ ನನಗೆ ಕೈ ಕುದುರಿತು. ಬಾವಿಗೆ ಹಾರಿದವಳಿಗೆ ಈಜು ಬರುತ್ತಿತ್ತು, ಅದನ್ನು ಬರೆಯಲು ಲೇಖಕರಿಗೆ ನೆನಪಿರಲಿಲ್ಲ. ವಿಷ ಕುಡಿದವನು ಕತ್ತಲಲ್ಲಿ ಬಾಟಲಿ ತಪ್ಪಿ ಕೆಮ್ಮಿನ ಔಷಧಿ ಕುಡಿದಿದ್ದ, ಕೆಮ್ಮೂ ವಾಸಿಯಾಯಿತು. ಹೀಗೆ ಒಂದೂವರೆ ವರ್ಷದಲ್ಲಿ ಹನ್ನೊಂದು ಜನರನ್ನು ಬದುಕಿಸಿದೆ. ನನ್ನ ಗಂಡ ಕೊಟ್ರೇಶಿ ಮೋಟಾರು ರಿಪೇರಿಯವರು, ಒಮ್ಮೊಮ್ಮೆ ಪಕ್ಕದಲ್ಲಿ ಕೂತು ಉಣ್ಣುತ್ತ ಕೇಳಿಸಿಕೊಳ್ಳುತ್ತಿದ್ದರು. ಯಾವ ಕಾದಂಬರಿಯ ಬಗ್ಗೆಯೂ ಅವರ ಅಭಿಪ್ರಾಯ ಒಂದೇ: "ಇಬ್ರೂ ಒಂದು ಫೋನ್ ಮಾಡಿ ಮಾತಾಡಿದ್ರ ಅರವತ್ತನೇ ಪುಟಕ್ಕ ಮುಗೀತಿತ್ತು."

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆದರೆ ಕಾದಂಬರಿ ಕೇಳಿದವರು ಸುಮ್ಮನಿರುವುದಿಲ್ಲ, ಇನ್ನೊಬ್ಬರಿಗೆ ಹೇಳುತ್ತಾರೆ. ಅತ್ತೆ ದಿನಾ ಸಂಜೆ ಪಡಸಾಲೆಯಲ್ಲಿ ಕೂತು ಹೋಗಿಬರುವ ಹೆಂಗಸರಿಗೆಲ್ಲ ಶಿಫಾರಸು ಶುರು ಮಾಡಿದರು. "ಸರೋಜಿನಿ ಕಾದಂಬರಿ ಓದ್ರಿ. ಮನಸ್ಸು ತಣ್ಣಗಾಗತೈತಿ. ಎರಡು ಕೂಸು, ಒಂದಕ್ಕ ಅಪ್ಪನ ಮೂಗು." ಪಕ್ಕದ ಮನೆಯಲ್ಲಿ ಜಂಪರು ಹೊಲಿಯುವ ಶಾರದಮ್ಮ ಈ ಮಾತು ನಂಬಿ ಪುಸ್ತಕ ಒಯ್ದಳು. ನಾಲ್ಕನೆಯ ದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು.

"ಅಮ್ಮಾರ, ಏನ್ ಹೇಳಿಬಿಟ್ರಿ ನೀವು! ಸರೋಜಿನಿ ಸತ್ತು ಹೋದ್ಳಲ್ರಿ. ಅತ್ತೂ ಅತ್ತೂ ಯಾರದೋ ಜಂಪರಿಗೆ ಮೂರು ತೋಳು ಕತ್ತರಿಸೀನಿ."

"ನೀ ಎಲ್ಯೋ ಪುಟ ಜಿಗಿಸೀಯ. ಬೆಳಕಿನ್ಯಾಗ ಕುಂತು ಓದು. ಅವ್ಳಿಗೆ ಮೂರ್ಛಿ."

"ಮೂರ್ಛಿ ಬಂದೋರಿಗೆ ಮಣ್ಣು ಮಾಡ್ತಾರೇನ್ರಿ?"

ಜಗಳ ಎದುರು ಮನೆಯ ವೀರಭದ್ರಪ್ಪ ಮೇಷ್ಟ್ರ ಕಟ್ಟೆ ಹತ್ತಿತು. ನಿವೃತ್ತ ಹೆಡ್‌ಮಾಸ್ತರರು. ಅಚ್ಚಾದ ಕಾದಂಬರಿಯಲ್ಲೂ ಕೆಂಪು ಪೆನ್ನಿನಿಂದ ಕಾಗುಣಿತ ತಿದ್ದಿ, ಕೊನೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ ಗ್ರಂಥಾಲಯಕ್ಕೆ ವಾಪಸು ಕೊಡುವವರು. ಅವರು ಇಬ್ಬರನ್ನೂ ವಿಚಾರಿಸಿ, ಕನ್ನಡಕ ಒರೆಸಿ, ತೀರ್ಪು ಕೊಟ್ಟರು: "ಎರಡು ಮುದ್ರಣ ಬಂದಿರಬೇಕು. ಮೊದಲನೇದ್ರಾಗ ಸತ್ತಾಳ. ಓದುಗರು ಗದ್ದಲ ಮಾಡಿದ ಮ್ಯಾಲೆ ಎರಡನೇದ್ರಾಗ ಉಳಿಸ್ಯಾರ. ಹೌದಲ್ರಿ ವಿಶಾಲಾಕ್ಷಮ್ಮ?"

ನಾನು ತಲೆಯಾಡಿಸಿದೆ. ಆಡಿಸಬಾರದಿತ್ತು.

ಮರುವಾರದಿಂದ ಗ್ರಂಥಾಲಯದ ಮೇಜಿನ ಮುಂದೆ ಹೊಸ ವಿಚಾರಣೆ. "ಮೇಡಂ, ಇದು ಸಾಯೋ ಮುದ್ರಣಾನೋ, ಸಾಯಲಾರದ್ದೋ?" ಕೂಡ್ಲಿಗಿಯಿಂದ ಬಂದಿದ್ದ ಒಬ್ಬರು, ತಮ್ಮ ಹೆಂಡತಿ ಬಾಣಂತಿ, ಗುರುಶಾಂತಮ್ಮನವರ ಮುದ್ರಣವೇ ಆಗಬೇಕು ಎಂದು ಪಟ್ಟು ಹಿಡಿದರು. ಅದು ಓದಲು ಹೊರಗೆ ಹೋಗಿದೆ ಎಂದೆ. ಇಂದಿಗೂ ಹೊರಗೇ ಇದೆ.

ಈ ನಡುವೆ ಅತ್ತೆಯ ಕಣ್ಣಿನ ಆಪರೇಷನ್ ನಿಶ್ಚಯವಾಯಿತು. ಮನೆಮಂದಿಗೆಲ್ಲ ಸಂತೋಷ. ನಾನೊಬ್ಬಳು ಮಾತ್ರ ಡಾಕ್ಟರಿಗೆ "ಇನ್ನಾರು ತಿಂಗಳು ತಡೆದರೆ ಏನಾಗುತ್ತದೆ?" ಎಂದು ಕೇಳಿ ಗಂಡನಿಂದ ದುರುಗುಟ್ಟಿಸಿಕೊಂಡೆ. ಅತ್ತೆಗೆ ಕಣ್ಣು ಬರಬಾರದು ಎಂದಲ್ಲ. ಕಣ್ಣು ಬರಲಿ, ಓದುವ ಕನ್ನಡಕ ಬರುವುದು ತಡವಾಗಲಿ ಎಂದಷ್ಟೇ ನನ್ನ ಬೇಡಿಕೆ. ಒಮ್ಮೆ ಅವರು ಸ್ವತಃ ಓದಿ, ಸೊಸೆ ಒಂದೂವರೆ ವರ್ಷ ಸುಳ್ಳು ಉಣಿಸಿದ್ದಾಳೆ ಎಂದು ತಿಳಿದರೆ, ಆಮೇಲೆ ನನ್ನ ಯಾವ ಮಾತು ನಂಬಿ ತುತ್ತು ಎತ್ತುತ್ತಾರೆ? ಗುಳಿಗೆ ಮಾತ್ರ ದಿನಾ ತಪ್ಪುವುದಿಲ್ಲ.

ಆಪರೇಷನ್ ಆಯಿತು, ಕನ್ನಡಕವೂ ಬಂತು. ಒಂದೂ ಸಾವಿಲ್ಲದ ಪುಸ್ತಕ ಕೊಡೋಣವೆಂದು ಕಪಾಟುಗಳನ್ನೆಲ್ಲ ಹುಡುಕಿದೆ. ಸಿಕ್ಕಿದ್ದು ಎರೆಹುಳು ಗೊಬ್ಬರದ ಕೈಪಿಡಿ. ಅದರಲ್ಲೂ ನೀರು ಹೆಚ್ಚಾಗಿ ಒಂದು ತೊಟ್ಟಿ ಹುಳು ಸತ್ತಿದ್ದವು. ಅಷ್ಟರಲ್ಲಿ ಅತ್ತೆ ಶಾರದಮ್ಮನ ಮನೆಯಿಂದ ಸರೋಜಿನಿಯನ್ನೇ ತರಿಸಿಕೊಂಡಿದ್ದರು. ಮೂರು ದಿನ ಓದಿದರು. ನಾಲ್ಕನೆಯ ದಿನ ಬೆಳಿಗ್ಗೆ ಪುಸ್ತಕ ಮುಚ್ಚಿ, "ವಿಶಾಲಿ, ನಡಿ ಹರಪನಹಳ್ಳಿಗೆ. ಆಪರೇಷನ್ ಕೆಟ್ಟೈತಿ" ಎಂದರು.

"ಯಾಕ ಅತ್ತಿ, ನೋಯ್ತೈತೇನು?"

"ನೋವಿಲ್ಲ. ದೂರದ್ದು ಚಂದ ಕಾಣತೈತಿ, ಕ್ಯಾಲೆಂಡರ್ ಕಾಣತೈತಿ, ಕಾದಂಬರಿ ಮಾತ್ರ ಸರಿ ಕಾಣವಲ್ದು."

ಆಗಲಾದರೂ ನಿಜ ಹೇಳಬಹುದಿತ್ತು. ಹೇಳದೆ ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅಕ್ಷರದ ಕಾರ್ಡು ಹಿಡಿದರು. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿ ಚೀಲದಿಂದ ಕಾದಂಬರಿ ತೆಗೆದು, ಕೊನೆಯ ಪುಟವನ್ನು ಒಂದಕ್ಷರ ತಪ್ಪದೆ ಗಟ್ಟಿಯಾಗಿ ಓದಿದರು. ಬಾಗಿಲ ಬಳಿ ಸರದಿ ಕಾಯುತ್ತಿದ್ದ, ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದ ಹೆಂಗಸು ಒಳಗೆ ಇಣುಕಿ, "ಸತ್ತಳೇನವ್ವಾ?" ಎಂದಳು.

"ಸತ್ತಂಗ ಕಾಣತೈತಿ. ಅದನ್ನ ತೋರ್ಸಾಕ ಬಂದೀನಿ" ಎಂದರು ಅತ್ತೆ.

ಡಾಕ್ಟರು ದೀಪ ಹಿಡಿದು ಎರಡೂ ಕಣ್ಣು ನೋಡಿದರು. ಪುಸ್ತಕ ಇಸಿದುಕೊಂಡು ಪುಟವನ್ನೂ ನೋಡಿದರು. "ಅಜ್ಜಿ, ಕಣ್ಣು ತುಂಬಾ ಚೆನ್ನಾಗಿದೆ. ಅವರು ನಿಜವಾಗಿಯೂ ಸತ್ತಿದ್ದಾರೆ."

ಅತ್ತೆ ನನ್ನ ಕಡೆ ತಿರುಗಿದರು. ಹೊಸ ಕಣ್ಣು, ನಿಚ್ಚಳ ನೋಟ. ನಾನು ನೆಲದ ಟೈಲ್ಸ್ ಎಣಿಸಿದೆ.

ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಕಿಟಕಿಯಾಚೆಯ ಮೆಕ್ಕೆಜೋಳದ ಹೊಲಗಳನ್ನು ನೋಡುತ್ತ ಕೂತಿದ್ದರು. ಆಮೇಲೆ ತಿರುಗದೆಯೇ ಕೇಳಿದರು. "ಎಷ್ಟು ಮಂದಿ?"

"ಹನ್ನೊಂದು ಮಂದಿ ಅತ್ತಿ."

"ಹೆಸರು ಹೇಳು."

ಒಬ್ಬೊಬ್ಬರ ಹೆಸರು, ಹೋದ ಬಗೆ, ವಯಸ್ಸು ಸಮೇತ ಹೇಳುತ್ತ ಹೋದೆ. ಬಾವಿ, ಹಾವು, ವಿಷ, ಮರದ ಕೊಂಬೆ. ಆರನೆಯ ಹೆಸರಿಗೆ ಮುಂದಿನ ಸೀಟಿನ ಹಿರಿಯರು ರುಮಾಲು ಸರಿಪಡಿಸಿಕೊಳ್ಳುತ್ತ ಹಿಂದಕ್ಕೆ ತಿರುಗಿ, "ಯಾವ ಊರಾಗ ಆತು ತಂಗಿ ಇದು? ಸರ್ಕಾರದೋರು ಏನರ ಕೊಟ್ರಾ?" ಎಂದು ಮರುಗಿದರು. ಅವರನ್ನು ಸಮಾಧಾನಪಡಿಸಿ ಮುಂದುವರಿದೆ. ಹನ್ನೊಂದನೆಯ ಹೆಸರು ಗುಂಡಪ್ಪ ವಕೀಲನದು. ಸುಳ್ಳು ಕಾಗದ ಸೃಷ್ಟಿಸಿ ವಿಧವೆಯೊಬ್ಬಳ ಮನೆ ಹೊಡೆದುಕೊಂಡ ಪಾಪಿ ಅವನು. ನಾನು ಹೇಳಿದ ಕಥೆಯಲ್ಲಿ ಅವನಿಗೆ ಕೊನೆಗೆ ಬುದ್ಧಿ ಬಂದು, ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆ ಇಟ್ಟಿದ್ದ.

ಅತ್ತೆ ಥಟ್ಟನೆ ತಿರುಗಿದರು. "ಅಂವ ಸತ್ತಿದ್ನಾ?"

"ಪುಸ್ತಕದಾಗ ಸಿಡ್ಲು ಬಡದು ಸತ್ತಿದ್ದ ಅತ್ತಿ."

"ಸರೋಜಿನೀನ ಉಳಿಸಿದಿ, ಚಲೋ ಮಾಡಿದಿ. ಆ ವಿಷ ಕುಡದ ಹುಡುಗನ್ನ ಉಳಿಸಿದಿ, ಅದೂ ಇರ್ಲಿ. ಆ ಖೋಡೀನ್ನ ಯಾಕ ಉಳಿಸಿದಿ? ದೇವರು ಹೊಡದ ಸಿಡ್ಲಿಗೆ ಅಡ್ಡ ನಿಂತೀಯಲ್ಲ ನೀನು! ಎಂಟು ತಿಂಗಳಿಂದ ಅಂವ ನೀರು ಕೊಡೋದನ್ನ ನೆನಿಸಿಕೊಂಡು ನನ್ನ ಹೊಟ್ಟಿ ಉರಿಯಾಕ ಹತ್ತೈತಿ."

"ರೂಢಿ ಬಿದ್ದಿತ್ತು ಅತ್ತಿ. ಕೈ ತಪ್ಪಿ ಉಳ್ಕೊಂಡ."

ಆ ಸಂಜೆ ಗುಳಿಗೆ ನುಂಗಿ ತಟ್ಟೆಯ ಮುಂದೆ ಕೂತವರು, ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದರು. "ಇನ್ನ ಮ್ಯಾಲೆ ನಾ ಓದ್ತೀನಿ, ನಾ ಹೇಳ್ತೀನಿ. ನೀ ಸುಮ್ನ ಉಣ್ಣು. ನಿನ್ನ ಕೈಯಾಗ ದಯಾ ಐತಿ, ನ್ಯಾಯ ಇಲ್ಲ." ಹಾಗೆಂದು, ಅರ್ಧ ಓದಿದ್ದ ಇನ್ನೊಂದು ಕಾದಂಬರಿಯನ್ನು ಹೇಳುತ್ತ ಹೇಳುತ್ತ ಎರಡೂವರೆ ರೊಟ್ಟಿ ಉಂಡರು.

ಅಂದಿನಿಂದ ನನಗೆ ಓದುವ ಶ್ರಮ ತಪ್ಪಿತು. ಅತ್ತೆ ಬಹಳ ಸೊಗಸಾಗಿ ಹೇಳುತ್ತಾರೆ. ಗ್ರಂಥಾಲಯಕ್ಕೆ ಬಂದವರು "ಇತ್ತೀಚೆಗೆ ಯಾವುದು ಚಲೋ ಬಂದೈತ್ರಿ?" ಎಂದು ಕೇಳಿದರೆ, ಅವರಿಂದ ಕೇಳಿದ್ದನ್ನೇ ನಾನು ಓದಿದವಳಂತೆ ಗಂಭೀರವಾಗಿ ಶಿಫಾರಸು ಮಾಡುತ್ತೇನೆ. ಹೋದ ತಿಂಗಳು ಹಾಗೆಯೇ ವೀರಭದ್ರಪ್ಪ ಮೇಷ್ಟ್ರಿಗೆ ಒಂದು ಕಾದಂಬರಿ ಕೊಟ್ಟೆ. ದುಷ್ಟ ಸಾಹುಕಾರ ಕೊನೆಗೆ ಲಾರಿಗೆ ಸಿಕ್ಕಿ ಸಾಯುವ ಪ್ರಸಂಗವನ್ನು ಲೇಖಕರು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾರೆ ಎಂದೂ ಹೇಳಿದೆ. ಗುರುವಾರ ಮೇಷ್ಟ್ರು ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟರು.

"ಎರಡು ಸಲ ಓದೀನ್ರಿ ವಿಶಾಲಾಕ್ಷಮ್ಮ. ಸಾಹುಕಾರ ಆರಾಮ ಅದಾನ. ಇದರಾಗ ಲಾರೀನ ಬರಂಗಿಲ್ಲ."